ಪಕ್ಷ ಬಿಟ್ಟರೆ ಸೀಟೂ ಬಿಡಲಿ
ಗೆದ್ದ ಕೆಲವೇ ವಾರಗಳಲ್ಲಿ ಶಾಸಕರು ಪಕ್ಷ ಬದಲಿಸಿದ್ದಕ್ಕೆ ಮತದಾರರಿಗೆ ಬೇಸರವಾಗಿದೆ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಆಗದೆ ಇರುತ್ತಾ? ಯಾರನ್ನು ಸೋಲಿಸಬೇಕು ಅಂತ ಓಟು ಹಾಕಿದರೋ, ಆ ಓಟು ಅವರ ಲೆಕ್ಕಕ್ಕೇ ಸೇರಿತು.

ಪಕ್ಷಾಂತರ ನಿಷೇಧ ಕಾಯ್ದೆ 1985ರಿಂದ ಇದೆ, ನಿಜ. ಆದರೆ ಒಬ್ಬ ಹಾರಿದರೆ ಅನರ್ಹ, ಪಕ್ಷದ ಶಾಸಕರಲ್ಲಿ ಮೂರನೇ ಎರಡರಷ್ಟು ಜನ ಒಟ್ಟಿಗೆ ಹಾರಿದರೆ ಅದು ವಿಲೀನ, ಅನರ್ಹತೆಯೇ ಇಲ್ಲ! ಇನ್ನೊಂದು ದಾರಿ ರಾಜೀನಾಮೆ. 2019ರಲ್ಲಿ ಹೀಗೆ ರಾಜೀನಾಮೆ ಕೊಟ್ಟವರೂ ಸೇರಿ ಕರ್ನಾಟಕದ 17 ಶಾಸಕರನ್ನು ಸ್ಪೀಕರ್ ಅನರ್ಹಗೊಳಿಸಿದರು. ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದರೂ ಉಪಚುನಾವಣೆಗೆ ನಿಲ್ಲಬಹುದು ಅಂದಿತು. ನಿಂತವರಲ್ಲಿ ಹೆಚ್ಚಿನವರು ಹೊಸ ಪಕ್ಷದಿಂದ ಗೆದ್ದೂ ಬಂದರು. ಗೆಲ್ಲಿಸಿದ್ದು ಮತದಾರರೇ ಅಲ್ವಾ? ಅದನ್ನೂ ಲೇಖನದಲ್ಲಿ ಹೇಳಬೇಕಿತ್ತು.

ಪಕ್ಷ ಬಿಟ್ಟವರು ಆ ಸದನದ ಅವಧಿ ಮುಗಿಯುವ ತನಕ ಚುನಾವಣೆಗೆ ನಿಲ್ಲುವಂತಿಲ್ಲ ಅಂತ ಕಾಯ್ದೆ ತಿದ್ದಿದರೆ ಈ ಆಟ ಸ್ವಲ್ಪ ಕಡಿಮೆಯಾದೀತು.