ಮಾತ್ರೆ ಬಿಟ್ಟ ಮೇಲೂ ಉಳಿಯುವ ಗುರುತು

ಅಮೆರಿಕದ ಹದಿಹರೆಯದವರು ಓಪಿಯಾಯ್ಡ್ (ಅಫೀಮಿನಂತೆ ಕೆಲಸ ಮಾಡುವ) ನೋವುನಿವಾರಕಗಳ ದುರುಪಯೋಗವನ್ನು ನಿಲ್ಲಿಸಿದರೆ ಕೆಲವೇ ತಿಂಗಳಲ್ಲಿ ಮೊದಲಿನಂತಾಗುತ್ತಾರೆ ಎಂದು ನಾನು ಓದಿದ ಲೇಖನವೊಂದು ಹೇಳುತ್ತದೆ; ಆ ಮಾತನ್ನು ಪೂರ್ತಿ ಒಪ್ಪಲಾರೆ. ಮಾತ್ರೆ ಬಿಟ್ಟಾಗ ಕಾಡುವ ಬೆವರು, ಮೈಕೈ ನೋವು, ವಾಂತಿ ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ತಗ್ಗುವುದು ನಿಜ. ಆದರೆ ಮಿದುಳಿನ ಲೆಕ್ಕವೇ ಬೇರೆ. ವಿವೇಚನೆ, ಸಂಯಮಗಳನ್ನು ನೋಡಿಕೊಳ್ಳುವ ಮಿದುಳಿನ ಮುಂಭಾಗವು ಸುಮಾರು 25ನೇ ವಯಸ್ಸಿನವರೆಗೂ ಬಲಿಯುತ್ತಲೇ ಇರುತ್ತದೆ, ಸುಖದ ನಿರೀಕ್ಷೆಯನ್ನು ಹುಟ್ಟಿಸುವ ಡೋಪಮಿನ್ ಎಂಬ ರಾಸಾಯನಿಕದ ಜಾಲವಾದರೋ ಅದಕ್ಕಿಂತ ಬಹಳ ಮೊದಲೇ ಚುರುಕಾಗಿರುತ್ತದೆ. ಲಗಾಮಿಗಿಂತ ಮೊದಲೇ ಕುದುರೆ ಸಿದ್ಧವಾಗಿರುವ ಈ ವರ್ಷಗಳಲ್ಲೇ ಆಕ್ಸಿಕೋಡೋನ್‌ನಂಥ ಓಪಿಯಾಯ್ಡ್ ಮಾತ್ರೆ ಕೈಗೆ ಸಿಗುವುದು ಅಪಾಯಕಾರಿ.

ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಮೇರಿ ಜೀನ್ ಕ್ರೀಕ್ ಅವರ ತಂಡ ಆಕ್ಸಿಕೋಡೋನನ್ನು ಇಲಿಗಳ ಮೇಲೆ ಪರೀಕ್ಷಿಸಿತ್ತು. ಎಳೆಯ ಪ್ರಾಯದಲ್ಲಿ ಅದರ ರುಚಿ ಕಂಡಿದ್ದ ಇಲಿಗಳಿಗೆ ದೊಡ್ಡವಾದ ಮೇಲೆ ತೀರಾ ಕಡಿಮೆ ಪ್ರಮಾಣ ಕೊಟ್ಟರೂ ಮಿದುಳಿನಲ್ಲಿ ಡೋಪಮಿನ್ ಏರಿತು; ಹಳೆಯ ಗುರುತು ಉಳಿದೇ ಇತ್ತು. ಇಲಿ ಮನುಷ್ಯನಲ್ಲ ಎಂಬ ಆಕ್ಷೇಪ ಸರಿಯೇ. ಮನುಷ್ಯರಲ್ಲಿ ಮಿದುಳಿನ ಯಾವ ವ್ಯತ್ಯಾಸ ಮಾತ್ರೆಯಿಂದ ಬಂದದ್ದು, ಯಾವುದು ಮೊದಲೇ ಇದ್ದದ್ದು ಎಂದು ಬೇರ್ಪಡಿಸುವುದು ಕಷ್ಟ; ಅಮೆರಿಕದಲ್ಲಿ ಸುಮಾರು 11,800 ಮಕ್ಕಳ ಮಿದುಳನ್ನು 9–10ನೇ ವಯಸ್ಸಿನಿಂದಲೇ, ಅಂದರೆ ಮಾದಕವಸ್ತುಗಳ ಸಹವಾಸಕ್ಕೆ ಮೊದಲೇ, ಸ್ಕ್ಯಾನ್ ಮಾಡುತ್ತ ಬಂದಿರುವ ಅಧ್ಯಯನದ ಬೆಲೆ ಇರುವುದೇ ಇದರಲ್ಲಿ.

ಲೇಖನ ಬೀದಿಯ ಮಾರಾಟಗಾರರನ್ನಷ್ಟೇ ದೂರಿದೆ. ಅನೇಕ ಮಕ್ಕಳಿಗೆ ಈ ಮಾತ್ರೆ ಮೊದಲು ಸಿಕ್ಕಿದ್ದು ಹಲ್ಲು ಕೀಳಿಸಿಕೊಂಡಾಗ ವೈದ್ಯರು ಬರೆದುಕೊಟ್ಟ ಚೀಟಿಯಲ್ಲಿ, ಇಲ್ಲವೇ ಮನೆಯ ಔಷಧದ ಕಪಾಟಿನಲ್ಲಿ.