ನೆಂಟರಿಗೆ ನಿತ್ಯದ ಊಟ

ಊಟ ಮುಗಿದು ಹೊರಡಲು ಕೋಟು ಹಾಕಿಕೊಳ್ಳುತ್ತಿದ್ದಾಗ ನಮ್ಮ ನೆರೆಮನೆಯ ಹಿರಿಯ ಹೆಂಗಸು ತುಸು ಸಂಕೋಚದಿಂದಲೇ ಕೇಳಿದರು: "ಎಲ್ಲವೂ ಬಹಳ ರುಚಿಯಾಗಿತ್ತು. ಆದರೆ ನಿಮ್ಮ ತಾಯಿಯ ಮನೆಯಲ್ಲಿ ಮಂಗಳವಾರ ರಾತ್ರಿ ಏನು ಉಣ್ಣುತ್ತಿದ್ದಿರಿ? ಅದನ್ನು ನಮಗೆ ಯಾವಾಗ ಬಡಿಸುತ್ತೀರಿ?" ಅವರಿಗಾಗಿ ನಾನೂ ನನ್ನ ಹೆಂಡತಿಯೂ ಬೆಳಗಿನಿಂದ ನಿಂತು ಮಾಡಿದ್ದು ಕೋಳಿ ಬಿರಿಯಾನಿ, ಪನೀರ್ ಬಟರ್ ಮಸಾಲ, ಗೋಬಿ ಮಂಚೂರಿ ಮತ್ತು ಜಾಮೂನು. ಅಂಕೋಲೆಯಲ್ಲಿ ಹುಟ್ಟಿ ಕಾರವಾರದಲ್ಲಿ ಓದಿದ ನನ್ನ ಊರಿನ ಕಡೆಯದು ಎನ್ನಬಹುದಾದ ಒಂದೇ ಒಂದು ಪದಾರ್ಥ ಆ ಮೇಜಿನ ಮೇಲೆ ಇರಲಿಲ್ಲ. ಸ್ವೀಡನ್ನಿನ ಗೋಥೆನ್‌ಬರ್ಗ್ ನಗರಕ್ಕೆ ಬಂದು ನೆಲೆಸಿದ ಮೇಲೆ ಈ ದೇಶದವರ ಮಾತು ನನಗೆ ಇಷ್ಟು ಚುಚ್ಚಿದ್ದು ಕಡಿಮೆ. ಅವರು ನಮ್ಮನ್ನು ಊಟಕ್ಕೆ ಕರೆದಾಗ ಬಡಿಸಿದ್ದು ತಮ್ಮ ಮನೆಯ ಮಂಗಳವಾರದ ಊಟವನ್ನೇ.

ಮಾಂಸದುಂಡೆ, ಕಿವುಚಿದ ಬಟಾಟೆ, ಕೆನೆ ಹಾಕಿದ ಕಂದು ಗೊಜ್ಜು, ಒಂದು ಚಮಚ ಲಿಂಗನ್ ಎಂಬ ಹುಳಿ ಕಾಡುಹಣ್ಣು, ನಾಲ್ಕು ತೆಳ್ಳನೆಯ ಸೌತೆ ಬಿಲ್ಲೆ: ಅಷ್ಟೇ ಆ ಊಟ. ಅಡುಗೆ ಮಾಡಿದವರು ಮನೆಯ ಯಜಮಾನರು, ನಿವೃತ್ತ ಶಿಕ್ಷಕರು. ನಾವು ಅಡುಗೆಮನೆಯಲ್ಲೇ ಕುಳಿತು ನೋಡುತ್ತಿದ್ದೆವು. ಇಲ್ಲಿ ಸಾಮಾನ್ಯವಾಗಿ ದನದ ಮಾಂಸಕ್ಕೆ ಹಂದಿಯದನ್ನು ಬೆರೆಸಿ ಉಂಡೆ ಕಟ್ಟುತ್ತಾರೆ. ನಾವು ಏನು ತಿನ್ನುವುದಿಲ್ಲವೆಂದು ಮೊದಲೇ ಕೇಳಿ ತಿಳಿದುಕೊಂಡಿದ್ದ ಅವರು ಆ ದಿನ ಕುರಿಯ ಖೀಮಾ ತಂದಿದ್ದರು. ಬ್ರೆಡ್ಡಿನ ಪುಡಿಯನ್ನು ಹಾಲಿನಲ್ಲಿ ನೆನೆಹಾಕಿ, ಅದು ಹಾಲನ್ನೆಲ್ಲ ಹೀರಿ ಉಬ್ಬುವವರೆಗೆ ಅವರು ಮಾಂಸವನ್ನು ಮುಟ್ಟಲಿಲ್ಲ. ಉಂಡೆ ಬೆಂದ ಮೇಲೂ ಮೆತ್ತಗೆ ಉಳಿಯುವುದು ಹಾಲು ಹೀರಿದ ಆ ಬ್ರೆಡ್ಡಿನ ಪುಡಿಯಿಂದಲೇ. ಆಮೇಲೆ ಬೆಣ್ಣೆಯಲ್ಲಿ ಬಾಡಿಸಿದ ಈರುಳ್ಳಿ, ಮೊಟ್ಟೆ, ಉಪ್ಪು, ಬಿಳಿ ಕಾಳುಮೆಣಸು, ಚಿಟಿಕೆ ಆಲ್‌ಸ್ಪೈಸ್ ಪುಡಿ ಸೇರಿದವು. ಕೈಯನ್ನು ತಣ್ಣೀರಿನಲ್ಲಿ ಅದ್ದಿಕೊಂಡು ಅಡಿಕೆಗಿಂತ ತುಸು ದೊಡ್ಡ ಉಂಡೆಗಳನ್ನು ಕಟ್ಟಿ, ಬೆಣ್ಣೆ ನೊರೆಯಾಡುವ ಬಾಣಲೆಗೆ ಬಿಟ್ಟು, ಸೌಟಿನಿಂದ ಮಗುಚದೆ ಬಾಣಲೆಯನ್ನೇ ಅಲ್ಲಾಡಿಸುತ್ತ ಹೋದರು. ಉಂಡೆಗಳು ಉರುಳುರುಳಿ ಎಲ್ಲ ಕಡೆ ಕೆಂಪಾದವು. ಬಾಣಲೆಯ ತಳಕ್ಕೆ ಅಂಟಿಕೊಂಡದ್ದನ್ನು ನೀರು ಹಾಕಿ ಕೆರೆದು, ಕೆನೆ ಮತ್ತು ಸ್ವಲ್ಪ ಸೋಯಾ ಸಾಸ್ ಬೆರೆಸಿದಾಗ ಗೊಜ್ಜು ಆಯಿತು.

ಬಟಾಟೆಯ ವಿಷಯದಲ್ಲಿ ಅವರು ಇನ್ನೂ ಕಟ್ಟುನಿಟ್ಟು. ಇಲ್ಲಿನ ಅಂಗಡಿಗಳಲ್ಲಿ ಬೆಂದರೆ ಪುಡಿಯಾಗುವ ಬಟಾಟೆಯನ್ನೂ ಬೆಂದರೂ ಗಟ್ಟಿ ಉಳಿಯುವ ಬಟಾಟೆಯನ್ನೂ ಬೇರೆ ಬೇರೆ ಇಟ್ಟು ಮಾರುತ್ತಾರೆ, ಕಿವುಚಲು ಮೊದಲನೆಯದೇ ಆಗಬೇಕು. ಬೇಯಿಸಿ, ನೀರು ಬಸಿದು, ಅದೇ ಬಿಸಿ ಪಾತ್ರೆಯಲ್ಲಿ ಹಬೆ ಆರುವವರೆಗೆ ಬಿಟ್ಟು, ಮರದ ಹಿಡಿಯ ಒತ್ತುಗೋಲಿನಿಂದ ಒತ್ತಿ, ಕಾಯಿಸಿದ ಹಾಲು, ಬೆಣ್ಣೆ, ತುರಿದ ಜಾಯಿಕಾಯಿ ಸೇರಿಸಿದರು. ಮಿಕ್ಸಿಗೆ ಹಾಕಿದರೆ ಪಿಷ್ಟವೆಲ್ಲ ಒಡೆದು ಹೊರಬಂದು ಬಟಾಟೆ ಅಂಟಂಟಾಗುತ್ತದೆಯೆಂದು ಹೇಳುವಾಗ ಅವರ ಮುಖದಲ್ಲಿ ಪಾಠ ಹೇಳುವವರ ಗಾಂಭೀರ್ಯವಿತ್ತು. ಹೀಗೆ ಮಾಡಿದ ಊಟವನ್ನು ಮೇಜಿಗೆ ತಂದಿಟ್ಟು, "ಏನೂ ವಿಶೇಷ ಮಾಡಿಲ್ಲ" ಎಂಬ ಮಾತನ್ನೂ ಆಡದೆ, ಗಂಡ ಹೆಂಡತಿ ಇಬ್ಬರೂ ನಮ್ಮೊಂದಿಗೆ ಉಣ್ಣಲು ಕುಳಿತರು.

ಆ ಮಾತು ಬಾರದೇ ಹೋದದ್ದರ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಈ ದೇಶದಲ್ಲಿ ಮಾಂಸದುಂಡೆ ಮತ್ತು ಬಟಾಟೆ ಶಾಲೆಯ ಮಕ್ಕಳ ಮಧ್ಯಾಹ್ನದ ತಟ್ಟೆಯಲ್ಲಿ ಇರುತ್ತದೆ (ಇಲ್ಲಿನ ಕಡ್ಡಾಯ ಶಿಕ್ಷಣದ ಶಾಲೆಗಳಲ್ಲಿ ಬಿಸಿಯೂಟ ಎಲ್ಲ ಮಕ್ಕಳಿಗೂ ಉಚಿತ), ಕಚೇರಿಗಳ ಸಮೀಪದ ಊಟದ ಮನೆಗಳಲ್ಲಿ ಇರುತ್ತದೆ, ಬಿಳಿ ಮೇಜುಬಟ್ಟೆ ಹಾಸಿದ ದುಬಾರಿ ಹೋಟೆಲಿನಲ್ಲೂ ಇರುತ್ತದೆ. ಐಕಿಯಾ ತನ್ನ ಪೀಠೋಪಕರಣದ ಮಳಿಗೆಗಳಲ್ಲಿ 1985ರಿಂದ ಇದನ್ನೇ ಬಡಿಸುತ್ತ ಲೋಕಕ್ಕೆಲ್ಲ ಪರಿಚಯಿಸಿತು. 2022ರಲ್ಲಿ ಬೆಂಗಳೂರಿನ ನಾಗಸಂದ್ರದಲ್ಲಿ ಮಳಿಗೆ ತೆರೆದಾಗ ನಮ್ಮ ಜನರೂ ಸಾಲುಗಟ್ಟಿ ನಿಂತು ಕೋಳಿ ಮಾಂಸದ ಉಂಡೆಯನ್ನು ತಿಂದು ಬಂದರು. ಒಂದು ದೇಶ ತನ್ನ ಮನೆಯ ಸಾದಾ ರಾತ್ರಿಯೂಟವನ್ನು ಹೊರಗಿನವರ ಮುಂದೆ ತಲೆಯೆತ್ತಿ ಇಡುತ್ತದೆ. ನಾವು ಅದನ್ನು ಹಣ ಕೊಟ್ಟು ಕೊಳ್ಳುತ್ತೇವೆ, ನಮ್ಮ ಮನೆಯದನ್ನು ಮಾತ್ರ ಮುಚ್ಚಿಡುತ್ತೇವೆ.

ಅವರ ಊಟ ಅನಾದಿಕಾಲದ್ದು, ಅದಕ್ಕೇ ಅವರಿಗೆ ಅಭಿಮಾನ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಯೂನಾಸ್ ಆಲ್‌ಸ್ಟ್ರೋಮರ್ ಎಂಬವರು 1720ರ ದಶಕದಲ್ಲಿ ಗೋಥೆನ್‌ಬರ್ಗಿಗೆ ಸಮೀಪದ ಆಲಿಂಗ್ಸೋಸ್ ಎಂಬ ಊರಿನಲ್ಲಿ ಬೆಳೆಸಿ ಬಟಾಟೆಯನ್ನು ಬಳಕೆಗೆ ತರಲು ಹೆಣಗಿದರು, ಆಗಿನ ಜನ ಅದನ್ನು ಸುಲಭವಾಗಿ ಒಪ್ಪಲಿಲ್ಲ. ಬಟಾಟೆಯಿಂದ ಪಿಷ್ಟವನ್ನೂ ಮದ್ಯವನ್ನೂ ತೆಗೆದು ಕಾಳು ಉಳಿಸುವ ಕ್ರಮವನ್ನು ತೋರಿಸಿದ ಈವಾ ಎಕೆಬ್ಲಾಡ್ 1748ರಲ್ಲಿ ಸ್ವೀಡನ್ನಿನ ರಾಜ ವಿಜ್ಞಾನ ಅಕಾಡೆಮಿಯ ಮೊದಲ ಮಹಿಳಾ ಸದಸ್ಯೆಯಾದರು. ಮಾಂಸದುಂಡೆಯ ಬಗೆಯನ್ನು ರಾಜ ಹನ್ನೆರಡನೆಯ ಚಾರ್ಲ್ಸ್ ತುರ್ಕರ ನಾಡಿನಿಂದ ತಂದನೆಂದು ಸ್ವೀಡನ್ನಿನ ಅಧಿಕೃತ ಟ್ವಿಟರ್ ಖಾತೆಯೇ 2018ರಲ್ಲಿ ಬರೆದಿತ್ತು. ನಮ್ಮ ಮೀನುಸಾರಿಗೆ ಅರೆಯುವ ಒಣಮೆಣಸು ಕೂಡ ಪೋರ್ಚುಗೀಸರ ಹಡಗುಗಳ ಕಾಲದಲ್ಲಿ ಬಂದದ್ದೇ ಅಲ್ಲವೆ? ಹೊರಗಿನಿಂದ ಬಂದದ್ದನ್ನು ದಿನವೂ ಉಂಡು ತಮ್ಮದಾಗಿಸಿಕೊಂಡ ಮೇಲೆ ಅವರು ಅದಕ್ಕೆ ಮರ್ಯಾದೆ ಕೊಟ್ಟರು. ನಾವು ದಿನವೂ ಉಣ್ಣುತ್ತೇವೆ ಎಂಬ ಕಾರಣಕ್ಕೇ ಮರ್ಯಾದೆ ತೆಗೆದುಬಿಟ್ಟೆವು.

ನನ್ನ ಬಾಲ್ಯದ ಒಂದು ಮಳೆಗಾಲದ ಮಧ್ಯಾಹ್ನ ನೆನಪಾಗುತ್ತದೆ. ಕಡಲು ಮುಚ್ಚಿದ ದಿನಗಳವು. ಹಸಿ ಮೀನಿಲ್ಲದೆ, ಆಯಿ, ಅಂದರೆ ನನ್ನ ಅಮ್ಮ, ಕುಚ್ಚಿಗೆ ಅಕ್ಕಿಯ ಗಂಜಿ ಇಳಿಸಿ, ಒಲೆಯ ಕೆಂಡದಲ್ಲಿ ಒಣ ಬಂಗಡೆ ಸುಟ್ಟು, ಒಣ ಶೆಟ್ಲಿಗೆ (ಸಿಗಡಿಗೆ) ಕಾಯಿತುರಿ, ಮೆಣಸು, ಹುಣಸೆ ಹಾಕಿ ಚಟ್ನಿ ಮಾಡಿದ್ದಳು. ಆ ಹೊತ್ತಿಗೆ ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದ ಅಪ್ಪನ ಸ್ನೇಹಿತರು ಛತ್ರಿ ಮಡಚುತ್ತ ಜಗಲಿ ಹತ್ತಿದರು. ಗಂಜಿಯ ಪಾತ್ರೆ ಕೂಡಲೇ ಒಳಕೋಣೆ ಸೇರಿತು, ನನ್ನನ್ನು ಕೋಳಿ ತರಲು ಓಡಿಸಿದರು, ಆಯಿ ಮತ್ತೆ ಅನ್ನಕ್ಕೆ ಎಸರಿಟ್ಟು ಮಸಾಲೆ ಅರೆಯಲು ಕುಳಿತಳು. ಊಟವಾದಾಗ ಮೂರು ಗಂಟೆ ಕಳೆದಿತ್ತು, ಆಯಿ ಉಂಡದ್ದು ಎಲ್ಲರ ಕೊನೆಗೆ. ವರ್ಷಗಳ ಮೇಲೆ ಅದೇ ಸ್ನೇಹಿತರು ಅಪ್ಪನ ಹತ್ತಿರ ಹೇಳಿದರಂತೆ: "ಆ ದಿನ ನಿಮ್ಮ ಮನೆಯಲ್ಲಿ ಒಣ ಬಂಗಡೆ ಸುಟ್ಟ ಪರಿಮಳ ಬರುತ್ತಿತ್ತು ಮಾರಾಯರೆ, ಅದನ್ನು ಯಾಕೆ ಬಡಿಸಲಿಲ್ಲ?"

ಈಗ ಈ ಅಭ್ಯಾಸ ಇನ್ನೂ ಬೆಳೆದಿದೆ. ಕಳೆದ ಬಾರಿ ಊರಿಗೆ ಹೋದಾಗ ಕಾರವಾರದ ಕೋಡಿಬಾಗದಲ್ಲಿ ಬಂಧುಗಳ ಗೃಹಪ್ರವೇಶವಿತ್ತು. ಮರುದಿನದ ಔತಣಕ್ಕೆ ಕೇಟರಿಂಗಿನವರು ತಂದಿಟ್ಟದ್ದು ಜೀರಾ ರೈಸ್, ಪನೀರ್, ಗೋಬಿ, ಹೆಸರಿಲ್ಲದ ಕೆಂಪು ಬಣ್ಣದ ಕೋಳಿ. ಎದುರಿಗೇ ಕಾಳಿ ನದಿ ಕಡಲು ಸೇರುತ್ತದೆ, ಅರ್ಧ ಗಂಟೆಯ ದಾರಿಯಲ್ಲಿ ಬೈತಖೋಲ ಬಂದರಿಗೆ ದೋಣಿಗಳು ಬರುತ್ತವೆ, ಆದರೆ ತಟ್ಟೆಯಲ್ಲಿ ಒಂದು ತುಂಡು ಬಂಗಡೆಯಿಲ್ಲ. ಕುಮಟೆಯ ಹಂದಿಗೋಣ, ಅಳ್ವೆಕೋಡಿಯ ರಸ್ತೆ ಬದಿಯಲ್ಲಿ ಗೊಂಚಲು ಕಟ್ಟಿ ತೂಗುಹಾಕುವ ಸಿಹಿ ಈರುಳ್ಳಿಯನ್ನು ಬೆಂಗಳೂರಿನವರು ಕಾರು ನಿಲ್ಲಿಸಿ ಕೊಳ್ಳುತ್ತಾರೆ. ಅಂಕೋಲೆಯ ಕರಿ ಇಶಾಡ ಮಾವಿಗೆ 2023ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದಾಗ ನಾವೆಲ್ಲ ಸಂಭ್ರಮಪಟ್ಟೆವು. ಅಘನಾಶಿನಿ ನದಿಯ ಅಳಿವೆಯ ಗಜನಿ ಗದ್ದೆಗಳ ಉಪ್ಪುನೀರಿನಲ್ಲಿ ಬೆಳೆಯುವ ಕಗ್ಗ ಅಕ್ಕಿಯ ಗಂಜಿ, ಅದೇ ಅಳಿವೆಯ ಬೆಳಚು ಎಂಬ ಚಿಪ್ಪುಮೀನಿನ ಸುಕ್ಕ, ಸಾಣಿಕಟ್ಟೆಯ ಉಪ್ಪು ಹಾಕಿದ ಮಾವಿನಮಿಡಿ, ಇವು ಒಟ್ಟಾಗಿ ನೆಂಟರ ಎಲೆಗೆ ಬಂದದ್ದನ್ನು ಮಾತ್ರ ನಾನು ಕಂಡಿಲ್ಲ. ಘಟ್ಟದ ಮೇಲಿನ ಶಿರಸಿಯವರು ಈ ವಿಷಯದಲ್ಲಿ ನಮಗಿಂತ ಮೇಲು. ಅವರು ಮದುವೆಯ ಪಂಕ್ತಿಯಲ್ಲೂ ಮಾವಿನಕಾಯಿಯ ಅಪ್ಪೆಹುಳಿಯನ್ನು ಎರಡೆರಡು ಸಲ ವಿಚಾರಿಸಿ ಬಡಿಸುತ್ತಾರೆ, ಹೋದವರಿಗೆ ತಂಬುಳಿ ಇಕ್ಕಲು ನಾಚುವುದಿಲ್ಲ.

ನೆರೆಮನೆಯವರ ಪ್ರಶ್ನೆಗೆ ಉತ್ತರವಾಗಿ ನಾವು ಅವರನ್ನು ಮತ್ತೆ ಕರೆದೆವು. ಇಲ್ಲಿನ ಬಂಗಡೆ ನಮ್ಮದರ ದಾಯಾದಿ. ಬೆನ್ನ ಮೇಲೆ ಪಟ್ಟೆ ಹೆಚ್ಚು, ಮೈಯಲ್ಲಿ ಎಣ್ಣೆ ಹೆಚ್ಚು. ಶೀತಲಪೆಟ್ಟಿಗೆಯ ಕಾಯಿತುರಿ, ಊರಿಂದ ತಂದ ಬ್ಯಾಡಗಿ ಮೆಣಸು, ಕೊತ್ತಂಬರಿ, ಅರಿಶಿನ ಹಾಕಿ ನುಣ್ಣಗೆ ಅರೆದು, ಹುಳಿಗೆ ಮುರುಗಲ (ಕೋಕಂ) ಸಿಪ್ಪೆ ಬಿಟ್ಟು, ಸಾರು ಕುದಿ ಬಂದ ಮೇಲೆ ಮೀನು ಹಾಕಿ, ಕೊನೆಗೆ ತೆಪ್ಪಲವೆಂಬ ಘಾಟಿನ ಸಂಬಾರ ಕಾಯಿಯನ್ನು ಜಜ್ಜಿ ಉದುರಿಸಿದೆವು. ಜೊತೆಗೆ ಕುಚ್ಚಿಗೆ ಅಕ್ಕಿಯ ಅನ್ನ, ಹರಿವೆ ಸೊಪ್ಪು ಸಿಕ್ಕದ್ದರಿಂದ ಪಾಲಕ್ಕಿನ ಪಲ್ಯ. ಹಿರಿಯರು ಸಾರಿನಲ್ಲಿದ್ದ ಕಪ್ಪು ಸಿಪ್ಪೆಯನ್ನು ಬೆರಳಲ್ಲಿ ಎತ್ತಿ ನೋಡಿ, ಚೀಪಿ, ಇದು ಕಾಡಿನ ಹಣ್ಣೆ ಎಂದು ಕೇಳಿದರು. ಮುರುಗಲ ಸಿಪ್ಪೆಯನ್ನು ಅದರದೇ ರಸದಲ್ಲಿ ಅದ್ದಿ ಉಪ್ಪು ಸವರಿ ಮತ್ತೆ ಮತ್ತೆ ಬಿಸಿಲಿಗಿಟ್ಟು ವರ್ಷವಿಡೀ ಉಳಿಸಿಕೊಳ್ಳುವ ಕ್ರಮವನ್ನು ನಾನು ವಿವರಿಸಿದೆ. ಅವರು ತಮ್ಮ ಲಿಂಗನ್ ಹಣ್ಣಿನ ಬಗ್ಗೆ ಹೇಳಿದರು: ಶರತ್ಕಾಲದಲ್ಲಿ ಕಾಡಿಗೆ ಹೋಗಿ ಯಾರು ಬೇಕಾದರೂ ಕಿತ್ತು ತರಬಹುದು, ಒಲೆಯ ಮೇಲೆ ಇಡದೆ ಸಕ್ಕರೆ ಹಾಕಿ ತಿರುವಿದರೆ ಸಾಕು, ಹಣ್ಣಿನಲ್ಲೇ ಇರುವ ಬೆಂಜೋಯಿಕ್ ಆಮ್ಲ ಅದನ್ನು ಕೆಡದಂತೆ ಕಾಯುತ್ತದೆ. ಬಿರಿಯಾನಿ ಬಡಿಸಿದ ದಿನ ನಮ್ಮ ನಡುವೆ ಇಂಥ ಮಾತು ನಡೆದಿರಲಿಲ್ಲ. ಅಂದು ಅವರು ಹೊಗಳಿದರು, ನಾವು ಇನ್ನಷ್ಟು ಬಡಿಸಿದೆವು, ಅಷ್ಟೇ. ಮುರುಗಲ ಸಿಪ್ಪೆ ಕೈಗೆ ಬಂದ ಮೇಲೆ ಅವರ ಅಜ್ಜಿಯ ಮನೆ, ನನ್ನ ಅಜ್ಜಿಯ ಮನೆ, ಎರಡೂ ಮಾತಿಗೆ ಬಂದವು.

ಇಷ್ಟು ಬರೆದ ಮೇಲೆ ಇನ್ನೊಂದು ಕಡೆಯನ್ನೂ ಹೇಳಲೇಬೇಕಾಗಿದೆ, ಮನಸ್ಸಿಲ್ಲದಿದ್ದರೂ. ಆ ಮಂಗಳವಾರದ ಊಟಕ್ಕೆ ನಮಗೆ ಕರೆ ಬಂದದ್ದು ವಾರಗಳ ಮೊದಲು, ದಿನ ಗಂಟೆ ಎಲ್ಲ ನಿಗದಿಯಾಗಿ. ಹೇಳದೆ ಕೇಳದೆ ಊಟದ ಹೊತ್ತಿಗೆ ಬಾಗಿಲು ತಟ್ಟುವವರು ಈ ಬೀದಿಯಲ್ಲಿ ಯಾರೂ ಇಲ್ಲ. ಆಡಲು ಬಂದ ನೆರೆಯ ಮಗುವನ್ನು ಕೋಣೆಯಲ್ಲಿ ಕೂರಿಸಿ ಮನೆಯವರು ಮಾತ್ರ ಉಂಡು ಬರುತ್ತಿದ್ದ ಹಳೆಯ ರೂಢಿಯ ಬಗ್ಗೆ 2022ರಲ್ಲಿ ಅಂತರ್ಜಾಲದಲ್ಲಿ ಲೋಕವೇ ಈ ದೇಶದವರನ್ನು ಪ್ರಶ್ನಿಸಿತು, ಮತ್ತು ಹಾಗೆ ನಡೆಯುತ್ತಿದ್ದದ್ದು ನಿಜವೆಂದು ಇಲ್ಲಿನ ಹಲವರು ಒಪ್ಪಿಕೊಂಡರು. ಅಂಕೋಲೆಯ ಯಾವ ಮನೆಯಲ್ಲೂ ಅದು ಸಾಧ್ಯವಿಲ್ಲ. "ಉಂಡ್ಕಂಡೇ ಹೋಗಿ" ಎನ್ನದೆ ಯಾರನ್ನೂ ಮೆಟ್ಟಿಲು ಇಳಿಸುವುದಿಲ್ಲ. ಆಯಿ ಗಂಜಿಯ ಪಾತ್ರೆಯನ್ನು ಒಳಗಿಟ್ಟದ್ದು ಬಂದವರನ್ನು ದೂರ ಇಡಲಿಕ್ಕಲ್ಲ, ಮಳೆಗಾಲದ ಕೈಬಿಗಿಯ ದಿನದಲ್ಲೂ ಅವರಿಗೆ ಒಳ್ಳೆಯದನ್ನೇ ಇಕ್ಕಬೇಕು ಎಂಬ ಹಟದಿಂದ. ಹಬ್ಬದ ದಿನವೂ ಮಾಂಸ ಕಾಣದ ಕಾಲವನ್ನು ದಾಟಿ ಬಂದ ಹೆಂಗಸಿಗೆ ನೆಂಟರಿಗೆ ಕೋಳಿ ಬಡಿಸುವುದು ಎಷ್ಟು ದೊಡ್ಡ ಮಾತೆಂದು ತುಂಬಿದ ಅಂಗಡಿಗಳ ಊರಿನಲ್ಲಿ ಕುಳಿತ ನಾನು ತಿಳಿದುಕೊಳ್ಳಬೇಕು. ಕಾರವಾರದ ಮೀನೂಟದ ಹೋಟೆಲುಗಳು ಸಾರು, ಸೋಲ್‌ಕಢಿಗಳನ್ನು ದಿನವೂ ಹೆಮ್ಮೆಯಿಂದಲೇ ಕೊಡುತ್ತಿವೆ ಎಂಬುದೂ ನಿಜ. ಹೋಟೆಲಿನಲ್ಲಿ ಇಲ್ಲದ ನಾಚಿಕೆ ಮನೆಯಲ್ಲಿ ಯಾಕೆ ಎಂಬುದಷ್ಟೇ ನನ್ನ ತಕರಾರು.

ಬರುವ ಡಿಸೆಂಬರಿನಲ್ಲಿ ಈ ನೆರೆಮನೆಯ ದಂಪತಿಗಳು ನಮ್ಮೊಂದಿಗೆ ಅಂಕೋಲೆಗೆ ಬರುತ್ತಿದ್ದಾರೆ. ಅವರಿಗೆ ಗಂಜಿ, ಸುಟ್ಟ ಒಣ ಬಂಗಡೆ, ಶೆಟ್ಲಿ ಚಟ್ನಿಯನ್ನೇ ಬಡಿಸಬೇಕೆಂದೂ, ಬಡಿಸಿ ಅವರ ಜೊತೆಗೇ ಉಣ್ಣಲು ಕೂರಬೇಕೆಂದೂ ಅತ್ತಿಗೆಗೆ ಫೋನಿನಲ್ಲಿ ಹೇಳಿದೆ. ಅಷ್ಟು ದೂರದಿಂದ ಬಂದವರಿಗೆ ಗಂಜಿ ಇಕ್ಕಿದರೆ ಊರವರು ಏನೆನ್ನುತ್ತಾರೆ ಎಂದು ಅತ್ತಿಗೆ ಬಹಳ ಹೊತ್ತು ವಾದಿಸಿದರು. ಕೊನೆಗೆ, ಗಂಜಿಗೆ ಒಪ್ಪುತ್ತೇನೆ, ಜೊತೆಗೆ ಕೂರುವುದಕ್ಕೂ ಒಪ್ಪುತ್ತೇನೆ, ಆದರೆ ಇಸೋಣ ಮೀನು ಹುರಿಯುವುದನ್ನು ಮಾತ್ರ ಬೇಡವೆನ್ನಬಾರದು ಎಂದರು. ನಾನು ಬೇಡವೆನ್ನಲಿಲ್ಲ.