ಪುಣೆಯ ಕುರ್ಚಿ, ಧಾರವಾಡದ ಅಟ್ಟ

ಏಪ್ರಿಲ್ ಮೂರನೆಯ ವಾರ ಬಂತೆಂದರೆ ನಮ್ಮ ಮೇಲಿನ ಮಹಡಿಯ ಕಾಕಾ ಸಂಜೆ ಐದೂವರೆಗೆಲ್ಲ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೈಯಲ್ಲಿ ನೀರಿನ ಬಾಟಲಿ ಹಿಡಿದು ನಮ್ಮ ಬಾಗಿಲು ತಟ್ಟುತ್ತಾರೆ. ತಿಲಕ ಸ್ಮಾರಕ ಮಂದಿರದಲ್ಲಿ ವಸಂತ ವ್ಯಾಖ್ಯಾನಮಾಲೆ ಆರಂಭವಾಗಿರುತ್ತದೆ. ನ್ಯಾಯಮೂರ್ತಿ ರಾನಡೆಯವರು 1875ರಲ್ಲಿ ಹುಟ್ಟುಹಾಕಿದ ಉಪನ್ಯಾಸಮಾಲೆ ಇದು. ಪುಣೆಯ ಬೇಸಿಗೆಯಲ್ಲಿ ಸುಮಾರು ಒಂದು ತಿಂಗಳು, ದಿನಕ್ಕೊಬ್ಬರ ಮಾತು. ಕಾಕಾ ಬ್ಯಾಂಕಿನಿಂದ ನಿವೃತ್ತರಾದವರು. ಮೊಮ್ಮಕ್ಕಳ ಹುಟ್ಟುಹಬ್ಬವನ್ನಾದರೂ ಮರೆತಾರು, ಈ ತಿಂಗಳನ್ನು ಮರೆಯುವುದಿಲ್ಲ.

ಒಂದು ಸಂಜೆಯದು ಚೆನ್ನಾಗಿ ನೆನಪಿದೆ. ಅಂದು ಮಾತನಾಡಿದವರು ಹೆಸರಾದ ಲೇಖಕರು. ಕಾಕಾ ನಲವತ್ತು ವರ್ಷಗಳಿಂದ ಯಾವ ಪಕ್ಷಕ್ಕೆ ಮತ ಹಾಕುತ್ತ ಬಂದಿದ್ದಾರೋ ಅದನ್ನೇ ಆ ಲೇಖಕರು ಒಂದೂವರೆ ತಾಸು ಹಿಂಡಿ ಹಿಪ್ಪೆ ಮಾಡಿದರು. ನಾನು ಓರೆಗಣ್ಣಿನಿಂದ ಕಾಕಾರನ್ನು ನೋಡುತ್ತಲೇ ಇದ್ದೆ. ಎರಡು ಸಲ ಕನ್ನಡಕ ಒರೆಸಿಕೊಂಡರು, ಒಂದು ಸಲ ನೀರು ಕುಡಿದರು, ಕುರ್ಚಿ ಬಿಟ್ಟು ಏಳಲಿಲ್ಲ. ಕೊನೆಗೆ ಚೀಟಿಯಲ್ಲಿ ಒಂದು ಪ್ರಶ್ನೆ ಬರೆದು ಕಳಿಸಿದರು. ಸಮಯ ಮುಗಿಯಿತೆಂದು ಅದನ್ನು ಯಾರೂ ಓದಲಿಲ್ಲ. ಹೊರಗೆ ಅಮೃತತುಲ್ಯ ಚಹಾದಂಗಡಿಯ ಮುಂದೆ ನಿಂತು ಕಾಕಾ ತೀರ್ಪು ಕೊಟ್ಟರು: "ಮೂರು ಕಡೆ ತಪ್ಪು ಹೇಳಿದ. ಒಂದು ಮಾತು ಮಾತ್ರ ನನಗೆ ಇಷ್ಟು ದಿನ ಹೊಳೆದಿರಲಿಲ್ಲ."

ಆ ಒಂದು ಮಾತು ಯಾವುದೆಂದು ನಾನು ಕೇಳಿದೆ. "ಅದನ್ನು ನಾನೇ ಇನ್ನೂ ಯೋಚಿಸಬೇಕು" ಎಂದರು.

ಇದನ್ನು ಧಾರವಾಡದಲ್ಲಿರುವ ನನ್ನ ಚಿಕ್ಕಪ್ಪನ ಮಗನಿಗೆ ಫೋನಿನಲ್ಲಿ ಹೇಳಿದಾಗ ಅವನು ಮೊದಲು ಕೇಳಿದ್ದು, "ಆ ಲೇಖಕರು ಎಡವೋ ಬಲವೋ?" ಎಂದು. ಏನು ಹೇಳಿದರು ಎಂದಲ್ಲ. ಅವನನ್ನು ದೂರುವುದಕ್ಕೆ ನನಗೆ ಬಾಯಿಲ್ಲ, ಊರಿಗೆ ಹೋದಾಗ ನಾನೂ ಅದನ್ನೇ ಕೇಳುತ್ತೇನೆ. ಕನ್ನಡದಲ್ಲಿ ಈಗ ಲೇಖಕನ ಅಭಿಪ್ರಾಯಕ್ಕೆ ಸಿಗುವುದು ಟಿವಿ ಮೈಕಿನ ಮುಂದೆ ಅರ್ಧ ನಿಮಿಷ, ಮರುದಿನದ ಪತ್ರಿಕೆಯಲ್ಲಿ ಒಂದು ತಲೆಬರಹ. ಅಷ್ಟರಲ್ಲಿ ಯಾರೇ ಆಗಲಿ ತಾವು ಯಾವ ಕಡೆ ಎಂಬುದನ್ನು ಮಾತ್ರ ಹೇಳಬಲ್ಲರು. ಯು.ಆರ್. ಅನಂತಮೂರ್ತಿಯವರು ಜೀವಮಾನವಿಡೀ ರಾಜಕೀಯದ ಬಗ್ಗೆ ಬರೆದರು, ಗಂಟೆಗಟ್ಟಲೆ ಮಾತನಾಡಿದರು. 2013ರಲ್ಲಿ ಮೋದಿ ಪ್ರಧಾನಿಯಾದರೆ ಈ ದೇಶದಲ್ಲಿ ಇರಲಾರೆ ಎಂಬ ಅರ್ಥದ ಒಂದು ಸಾಲು ಹೇಳಿದ ಮೇಲೆ ಉಳಿದದ್ದು ಆ ಸಾಲೊಂದೇ. ಅವರ ಅಭಿಪ್ರಾಯವನ್ನು ಒಪ್ಪುವವರೂ ಒಪ್ಪದವರೂ ಆ ಸಾಲನ್ನೇ ಹಿಡಿದು ಎಳೆದಾಡಿದರು.

ನಮ್ಮಲ್ಲಿ ಉದ್ದ ಮಾತಿಗೆ ಜಾಗವೇ ಇರಲಿಲ್ಲವೆಂದಲ್ಲ. ಧಾರವಾಡದ ಪ್ರಕಾಶನ ಸಂಸ್ಥೆ ಮನೋಹರ ಗ್ರಂಥಮಾಲೆಯ ಅಟ್ಟವನ್ನು ಬಲ್ಲವರು ಬಲ್ಲರು. ಜಿ.ಬಿ. ಜೋಶಿ, ಕೀರ್ತಿನಾಥ ಕುರ್ತಕೋಟಿ, ಗಿರೀಶ ಕಾರ್ನಾಡ ಕುಳಿತು ಹರಟಿದ ಆ ಅಟ್ಟಕ್ಕೆ ಟಿಕೆಟ್ ಇರಲಿಲ್ಲ, ಗಡಿಯಾರವೂ ಇರಲಿಲ್ಲ. ಆದರೆ ಅಟ್ಟ ಹತ್ತಲು ಯಾರಾದರೊಬ್ಬರ ಪರಿಚಯ ಬೇಕಿತ್ತು. ಪುಣೆಯ ಸಭಾಗೃಹದ ಕುರ್ಚಿಗೆ ಪರಿಚಯ ಬೇಡ. ಬ್ಯಾಂಕಿನ ಗುಮಾಸ್ತನೂ ಬಂದು ಕೂರಬಹುದು, ಧಾರವಾಡದಿಂದ ಕೆಲಸ ಹುಡುಕಿಕೊಂಡು ಬಂದ ನನ್ನಂಥವನೂ ಕೂರಬಹುದು. ನನ್ನ ಅಸೂಯೆಯೆಲ್ಲ ಆ ಕುರ್ಚಿಯ ಮೇಲೆ.

ಎರಡೂ ನಾಡಿನ ಸಾಹಿತ್ಯ ಸಮ್ಮೇಳನಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ನನಗೊಂದು ಹವ್ಯಾಸವೇ ಆಗಿಬಿಟ್ಟಿದೆ. ಮರಾಠಿಯವರು ಮೊದಲ ದಿನ ಗ್ರಂಥದಿಂಡಿ ತೆಗೆಯುತ್ತಾರೆ: ಪಾಲಕಿಯಲ್ಲಿ ಪುಸ್ತಕಗಳು, ಅವುಗಳ ಹಿಂದೆ ನಡೆದು ಬರುವ ಲೇಖಕರು. ನಾವು ಅಲಂಕರಿಸಿದ ರಥದಲ್ಲಿ ಅಧ್ಯಕ್ಷರನ್ನೇ ಕೂರಿಸಿ ಮೆರೆಸುತ್ತೇವೆ. ಎಂಬತ್ತು ದಾಟಿದ ಹಿರಿಯರು ಪೇಟ ಸುತ್ತಿಕೊಂಡು ಬಿಸಿಲಿನಲ್ಲಿ ಬೆವರುವುದನ್ನು ನೋಡಿದಾಗಲೆಲ್ಲ ಪುಸ್ತಕಗಳನ್ನು ಕೂರಿಸಿದ್ದರೆ ಅವು ಬೆವರುತ್ತಿರಲಿಲ್ಲವಲ್ಲ ಎನಿಸುತ್ತದೆ. ಆಯ್ಕೆಯ ರೀತಿಯೂ ತಲೆಕೆಳಗು. ಕನ್ನಡದಲ್ಲಿ ಪರಿಷತ್ತಿನ ಅಧ್ಯಕ್ಷಗಿರಿಗೆ ಲಕ್ಷಗಟ್ಟಲೆ ಸದಸ್ಯರ ಚುನಾವಣೆ, ಸಮ್ಮೇಳನಾಧ್ಯಕ್ಷರನ್ನು ಆರಿಸುವುದು ಮಾತ್ರ ಕಾರ್ಯಕಾರಿ ಸಮಿತಿ. ಮರಾಠಿಯಲ್ಲಿ 1961ರಿಂದ ಇರುವ ಸಾಹಿತ್ಯ ಮಹಾಮಂಡಳದ ಕಾರ್ಯಾಲಯ ಪುಣೆ, ಮುಂಬೈ, ನಾಗಪುರ, ಔರಂಗಾಬಾದ್‌ಗಳ ಸಂಸ್ಥೆಗಳ ನಡುವೆ ಸರದಿಯ ಮೇಲೆ ಸುತ್ತುತ್ತದೆ. ಸಮ್ಮೇಳನಾಧ್ಯಕ್ಷರನ್ನು ಮಾತ್ರ 2018ರವರೆಗೂ ಸಾವಿರ ಚಿಲ್ಲರೆ ಮತದಾರರು ಮತ ಹಾಕಿ ಆರಿಸುತ್ತಿದ್ದರು. ಲೇಖಕರು ಊರೂರು ತಿರುಗಿ ಮತ ಕೇಳುವ ಆ ಪದ್ಧತಿ ಅಸಹ್ಯವೆಂದು ಈಗ ಕೈಬಿಟ್ಟಿದ್ದಾರೆ. ಅಸಹ್ಯವಿತ್ತು ನಿಜ. ಆದರೆ ಹಾಗೆ ಗೆದ್ದು ಬಂದವರು ಯಾರ ಹಂಗಿನಲ್ಲೂ ಇರಬೇಕಾಗಿರಲಿಲ್ಲ.

ಈ ಸ್ವಾತಂತ್ರ್ಯ ಎಷ್ಟು ದೂರ ಹೋಗಬಹುದೆಂದು ತೋರಿಸಿದ್ದು 1975ರ ಕರಾಡ ಸಮ್ಮೇಳನ. ತುರ್ತು ಪರಿಸ್ಥಿತಿಯ ಕಾಲ. ಸ್ವಾಗತಾಧ್ಯಕ್ಷರು ಕೇಂದ್ರ ಸಚಿವ ಯಶವಂತರಾವ್ ಚವಾಣ್, ಕರಾಡವೆಂದರೆ ಅವರದೇ ಊರು. ಸಮ್ಮೇಳನಾಧ್ಯಕ್ಷೆ ದುರ್ಗಾ ಭಾಗವತ್. ಆಕೆ ಅದೇ ಮಂಟಪದಲ್ಲಿ ತುರ್ತು ಪರಿಸ್ಥಿತಿಯನ್ನು ವಿರೋಧಿಸಿದರು. ಆಗ ಕಾಯಿಲೆಯಲ್ಲಿದ್ದ ಜಯಪ್ರಕಾಶ ನಾರಾಯಣರ ಆರೋಗ್ಯಕ್ಕಾಗಿ ಎಲ್ಲರೂ ಪ್ರಾರ್ಥಿಸಬೇಕೆಂದರು. ಮುಂದಿನ ವರ್ಷ ಜೈಲಿಗೂ ಹೋದರು. ಇದನ್ನು ಕಾಕಾ ನನಗೆ ಕನಿಷ್ಠ ಆರು ಸಲ ಹೇಳಿದ್ದಾರೆ. ಪ್ರತಿ ಸಲವೂ ಅವರ ಕಣ್ಣು ಹೊಳೆಯುವುದು ದುರ್ಗಾಬಾಯಿಯ ಧೈರ್ಯಕ್ಕಿಂತ ಹೆಚ್ಚಾಗಿ, ಸಚಿವರು ಅದನ್ನು ಕೂತು ಕೇಳಬೇಕಾಯಿತಲ್ಲ ಎಂಬುದಕ್ಕೆ.

ನನ್ನ ಪಾಳಿ ಬಂದಾಗ ನಾನು ಶಿವರಾಮ ಕಾರಂತರನ್ನು ಮುಂದಿಡುತ್ತೇನೆ. ಅದೇ ತುರ್ತು ಪರಿಸ್ಥಿತಿಯನ್ನು ವಿರೋಧಿಸಿ ಅವರು ಪದ್ಮಭೂಷಣವನ್ನು ಹಿಂದಿರುಗಿಸಿದರು. 1989ರಲ್ಲಿ ಕೈಗಾ ಅಣುಸ್ಥಾವರದ ವಿರುದ್ಧ ಉತ್ತರ ಕನ್ನಡದಿಂದ ಲೋಕಸಭೆಗೇ ಸ್ಪರ್ಧಿಸಿದರು, ಎಂಬತ್ತೇಳರ ವಯಸ್ಸಿನಲ್ಲಿ. ಸೋತರು. ಗೋಪಾಲಕೃಷ್ಣ ಅಡಿಗರು 1971ರಲ್ಲಿ ಜನಸಂಘದ ಬೆಂಬಲದಿಂದ ಬೆಂಗಳೂರಿನಲ್ಲಿ ನಿಂತರು, ಅವರೂ ಸೋತರು. ದೇವನೂರ ಮಹಾದೇವ 2015ರಲ್ಲಿ ಪದ್ಮಶ್ರೀ ಮತ್ತು ಸಾಹಿತ್ಯ ಅಕಾಡೆಮಿ ಪ್ರಶಸ್ತಿಗಳನ್ನು ವಾಪಸು ಕೊಟ್ಟರು. 2022ರಲ್ಲಿ ಪಠ್ಯಪುಸ್ತಕದ ಪರಿಷ್ಕರಣೆ ನಡೆದಾಗ ತಮ್ಮ ಪಾಠವನ್ನೇ ಸೇರಿಸಬೇಡಿ ಎಂದರು. ನಮ್ಮ ಧಾರವಾಡದ ಚಂಪಾ (ಕವಿ ಚಂದ್ರಶೇಖರ ಪಾಟೀಲ) ಕೂಡ 2015ರಲ್ಲಿ ಪಂಪ ಪ್ರಶಸ್ತಿಯನ್ನು ಮರಳಿಸಿದವರು. ಹೀಗೆ ಒಂದೊಂದಾಗಿ ಎಣಿಸುವಾಗ ನನಗೆ ಹೊಳೆದದ್ದಿದು: ಮರಾಠಿ ಲೇಖಕ ತನ್ನ ಅಭಿಪ್ರಾಯವನ್ನು ಭಾಷಣದಲ್ಲಿ ಹೇಳುತ್ತಾನೆ, ಕನ್ನಡದ ಲೇಖಕ ಏನನ್ನಾದರೂ ಬೇಡವೆನ್ನುವ ಮೂಲಕ ಹೇಳುತ್ತಾನೆ. ಇದು ಪೂರ್ತಿ ಸರಿಯಲ್ಲ, ಗೊತ್ತು. ಮರಾಠಿ ಸಾಹಿತಿ ಆಚಾರ್ಯ ಅತ್ರೆಯವರು ಇಲ್ಲಿ ಚುನಾವಣೆ ಗೆದ್ದು ಶಾಸಕರೇ ಆಗಿದ್ದರು. ಆದರೂ ಕಾಕಾ ಈ ಮಾತಿಗೆ ಸ್ವಲ್ಪ ಹೊತ್ತು ಸುಮ್ಮನಾದದ್ದು ನಿಜ.

ಆಮೇಲೆ ಅವರೇ ಒಂದು ಕೊಕ್ಕೆ ಹಾಕಿದರು. "ಹಿಂದಿರುಗಿಸಬೇಕಾದರೆ ಮೊದಲು ತೆಗೆದುಕೊಂಡಿರಬೇಕಲ್ಲ?" ಎಂದರು. ಪುಣೇಕರರ ನಾಲಿಗೆ ಹಾಗೇ. ಉತ್ತರ ಹೊಳೆಯದೆ ನಾನು ಚಹಾ ತರಿಸಿದೆ. ಯೋಚಿಸಿದರೆ ಅವರ ಮಾತಿನಲ್ಲಿ ಹುರುಳಿದೆ. ಅಕಾಡೆಮಿ, ಪ್ರಾಧಿಕಾರ, ಪ್ರಶಸ್ತಿ ಸಮಿತಿ ಎಂದು ನಮ್ಮ ಲೇಖಕರು ಸರ್ಕಾರದ ಕಡೆಗೆ ತೆರೆದಿಟ್ಟುಕೊಂಡ ಬಾಗಿಲುಗಳು ಬಹಳ. ಸರ್ಕಾರ ಬದಲಾದಾಗ ಅಧ್ಯಕ್ಷರ ಪಟ್ಟಿಯೂ ಬದಲಾಗುತ್ತದೆ, ಓದುಗ ಆ ಪಟ್ಟಿ ನೋಡಿಯೇ ಯಾರು ಯಾವ ಕಡೆಯೆಂದು ಗುರುತಿಟ್ಟುಕೊಳ್ಳುತ್ತಾನೆ. ಎಡವೋ ಬಲವೋ ಎಂಬ ಚಿಕ್ಕಪ್ಪನ ಮಗನ ಪ್ರಶ್ನೆ ಅಲ್ಲಿಂದ ಬಂದದ್ದು.

ಹಾಗೆಂದು ಕೇಳುವ ಊರು ಎಂದು ಪುಣೆಯನ್ನು ಹೊಗಳುತ್ತ ಹೋದರೆ ಓಂಕಾರೇಶ್ವರದ ಬಳಿಯ ಸೇತುವೆ ಅಡ್ಡ ಬರುತ್ತದೆ. 2013ರ ಆಗಸ್ಟ್ 20ರ ಬೆಳಿಗ್ಗೆ ವಾಯುವಿಹಾರಕ್ಕೆ ಹೊರಟಿದ್ದ, ಮೂಢನಂಬಿಕೆಗಳ ವಿರುದ್ಧ ಹೋರಾಡುತ್ತಿದ್ದ ನರೇಂದ್ರ ದಾಭೋಲ್ಕರ್ ಅವರನ್ನು ಗುಂಡಿಟ್ಟು ಕೊಂದದ್ದು ಆ ಸೇತುವೆಯ ಮೇಲೆ. ಎರಡು ವರ್ಷ ಹತ್ತು ದಿನಗಳ ನಂತರ, 2015ರ ಆಗಸ್ಟ್ 30ರಂದು, ಧಾರವಾಡದ ಕಲ್ಯಾಣನಗರದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿಯವರನ್ನು ಅವರ ಮನೆಯ ಬಾಗಿಲಲ್ಲೇ ಕೊಂದರು. ನಡುವೆ ಕೊಲ್ಹಾಪುರದಲ್ಲಿ ಹೋರಾಟಗಾರ ಗೋವಿಂದ ಪಾನ್ಸರೆ, ಆಮೇಲೆ ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್. ನಾನಿರುವ ಊರು, ನಾನು ಹುಟ್ಟಿದ ಊರು ಎರಡೂ ಈ ಸಾಲಿನಲ್ಲಿವೆ. ಆ ಸೇತುವೆಗೆ ಮಹರ್ಷಿ ವಿಠ್ಠಲ ರಾಮಜಿ ಶಿಂದೆಯವರ ಹೆಸರಿದೆ. ಅಸ್ಪೃಶ್ಯತೆಯ ವಿರುದ್ಧ ದುಡಿದ ಶಿಂದೆಯವರು ಹುಟ್ಟಿದ್ದು ನಮ್ಮ ಜಮಖಂಡಿಯಲ್ಲಿ, ಕನ್ನಡ ಮರಾಠಿಗಳ ಸಂಬಂಧದ ಬಗ್ಗೆ ಬರೆದವರೂ ಹೌದು. ಸ್ಕೂಟರಿನಲ್ಲಿ ಆ ಸೇತುವೆ ದಾಟುವಾಗ ಇವೆಲ್ಲ ಒಟ್ಟಿಗೇ ನೆನಪಾಗುತ್ತವೆ.

ಮಂಟಪದೊಳಗೆ ಯಾರಿಗೆ ಜಾಗ ಎಂಬ ಪ್ರಶ್ನೆಯೂ ಎರಡು ಕಡೆಯದೇ. 1885ರಲ್ಲಿ ಮರಾಠಿ ಗ್ರಂಥಕಾರರ ಸಭೆಗೆ ರಾನಡೆಯವರು ಕರೆದಾಗ ಜೋತಿರಾವ್ ಫುಲೆ ಬರುವುದಿಲ್ಲವೆಂದು ಪತ್ರ ಬರೆದರು, ನಿಮ್ಮ ಸಭೆಗಳಿಗೂ ಗ್ರಂಥಗಳಿಗೂ ನಮ್ಮವುಗಳಿಗೂ ತಾಳೆಯಾಗುವುದಿಲ್ಲ ಎಂಬ ಧಾಟಿಯಲ್ಲಿ. ನಾನು ಹೊಗಳುತ್ತಿರುವ ವ್ಯಾಖ್ಯಾನಮಾಲೆಯನ್ನು ಕಟ್ಟಿದವರೂ ಅದೇ ರಾನಡೆ ಎಂಬುದನ್ನು ಮರೆಯಬಾರದು. ಧರ್ಮಸ್ಥಳದ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೊಂದು ಗೋಷ್ಠಿ ಬೇಕೆಂಬ ಬೇಡಿಕೆಯನ್ನು ನಮ್ಮ ಪರಿಷತ್ತು ಒಪ್ಪದಿದ್ದಾಗ 1979ರಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ನಡೆಯಿತು. 2023ರ ಜನವರಿಯಲ್ಲಿ ಹಾವೇರಿ ಸಮ್ಮೇಳನದ ಗೋಷ್ಠಿಗಳಿಂದ ಮುಸ್ಲಿಂ ಲೇಖಕರನ್ನು ಬಿಟ್ಟಿದ್ದಾರೆಂದು ಬೇಸರಗೊಂಡವರು ಬೆಂಗಳೂರಿನಲ್ಲಿ ಜನಸಾಹಿತ್ಯ ಸಮ್ಮೇಳನ ಮಾಡಿದರು. ಮರಾಠಿಯಲ್ಲಿ ಇಂಥದಕ್ಕೆ ವಿದ್ರೋಹಿ ಸಮ್ಮೇಳನವೆಂಬ ಹೆಸರೇ ಇದೆ.

2019ರ ಯವತಮಾಳದಲ್ಲಿ ಮರಾಠಿಯವರ ಕೇಳುವ ಗುಣವೂ ಮುಗ್ಗರಿಸಿತು. ಉದ್ಘಾಟನೆಗೆ ನಯನತಾರಾ ಸೆಹಗಲ್ ಅವರನ್ನು ಕರೆದು, ಇಂಗ್ಲಿಷಿನಲ್ಲಿ ಬರೆಯುವವರು ಏಕೆಂಬ ತಕರಾರು ಎದ್ದ ಕೂಡಲೇ ಆಹ್ವಾನವನ್ನು ಹಿಂತೆಗೆದುಕೊಂಡರು. ಆಮೇಲೆ ನಡೆದದ್ದು ಸ್ವಾರಸ್ಯಕರ. ಆಕೆ ಮಾಡಬೇಕಿದ್ದ ಭಾಷಣ ಪತ್ರಿಕೆಗಳಲ್ಲಿ ಅಚ್ಚಾಗಿ, ಆಕೆಯೇ ಬಂದು ಮಾತನಾಡಿದ್ದರೆ ಕೇಳಬಹುದಾಗಿದ್ದವರಿಗಿಂತ ಹೆಚ್ಚು ಜನ ಓದಿದರು. ಹಲವು ಲೇಖಕರು ಹೋಗಲಿಲ್ಲ. ಅಧ್ಯಕ್ಷೆ ಅರುಣಾ ಢೇರೆ ಹೋದರು, ಹೋಗಿ ಅದೇ ವೇದಿಕೆಯಿಂದ ಆದದ್ದು ತಪ್ಪೆಂದು ಹೇಳಿದರು. ಹೋಗದಿರುವುದು ಸರಿಯೋ, ಹೋಗಿ ಹೇಳುವುದು ಸರಿಯೋ ಎಂದು ಕಾಕಾ ಮತ್ತು ನಾನು ಒಂದು ವಾರ ಜಗಳಾಡಿದೆವು. ಈ ಸಲ ಬಹಿಷ್ಕಾರದ ಪರ ನಿಂತವನು ನಾನು. ಬೇಡವೆನ್ನುವ ಕನ್ನಡದ ರೂಢಿ ರಕ್ತದಲ್ಲಿದೆಯೇನೋ.

ಇನ್ನು ಗಡಿ. ಇದನ್ನು ಬರೆಯದೆ ಬಿಡಬಹುದಿತ್ತು, ಆದರೆ ಬಿಟ್ಟರೆ ಮೇಲೆ ಬರೆದದ್ದೆಲ್ಲ ಸುಳ್ಳಾಗುತ್ತದೆ. ಜಾತಿಯ ಬಗ್ಗೆ, ಧರ್ಮದ ಬಗ್ಗೆ, ಸರ್ಕಾರದ ಬಗ್ಗೆ ತಮ್ಮತಮ್ಮಲ್ಲೇ ಕಾದಾಡುವ ಎರಡೂ ಭಾಷೆಯ ಲೇಖಕರು ಬೆಳಗಾವಿಯ ಹೆಸರು ಬಂದ ಕೂಡಲೇ ಒಂದೇ ಕೊರಳಾಗುತ್ತಾರೆ. ಮರಾಠಿ ಸಮ್ಮೇಳನದಲ್ಲಿ ಗಡಿಭಾಗದ ಮರಾಠಿಗರ ಪರ ನಿರ್ಣಯ, ಕನ್ನಡ ಸಮ್ಮೇಳನದಲ್ಲಿ ಮಹಾಜನ ವರದಿಯೇ ಅಂತಿಮವೆಂಬ ನಿರ್ಣಯ, ಎರಡಕ್ಕೂ ಚಪ್ಪಾಳೆ. ಭಿನ್ನವಾಗಿ ಯೋಚಿಸುವವರು ಇದ್ದೇ ಇರುತ್ತಾರೆ, ಆ ಹೊತ್ತಿಗೆ ಚಹಾ ಕುಡಿಯಲು ಹೋಗಿರುತ್ತಾರೆ.

ಎರಡು ವರ್ಷದ ಹಿಂದೆ ನಮ್ಮ ಬಡಾವಣೆಯ ಸಭಾಗೃಹದಲ್ಲಿ ಇದೇ ವಿಷಯದ ಮೇಲೆ ಒಬ್ಬ ನಿವೃತ್ತ ಪ್ರಾಧ್ಯಾಪಕರ ಉಪನ್ಯಾಸವಿತ್ತು. ಕಾಕಾ ಎಂದಿನಂತೆ ಬಾಗಿಲು ತಟ್ಟಿದರು, ನಾನೂ ಹೋದೆ. ಇಪ್ಪತ್ತು ನಿಮಿಷ ಕೇಳಿದೆ. ಬೆಳಗಾವಿ, ನಿಪ್ಪಾಣಿ, ಕಾರವಾರ ಎಂದು ಅವರು ಎಣಿಸತೊಡಗಿದಾಗ ಕಿವಿ ಬಿಸಿಯಾಯಿತು. ಕುರ್ಚಿ ಸದ್ದು ಮಾಡುವಂತೆ ಹಿಂದಕ್ಕೆ ಸರಿಸಿ ಎದ್ದು ಮನೆಗೆ ಬಂದುಬಿಟ್ಟೆ. ಹೆಂಡತಿ, ಇಷ್ಟು ಬೇಗ ಮುಗಿಯಿತೇ ಎಂದು ಕೇಳಿದಳು. ಹೌದೆಂದೆ.

ಮರುದಿನ ಕಾಕಾ ಬಂದರು. ಕೋಪವಿರಲಿಲ್ಲ, ಸ್ವಲ್ಪ ಬೇಸರವಿತ್ತು. ಕೈಯಲ್ಲಿ ಹಳೆಯ ಆಹ್ವಾನಪತ್ರಿಕೆಯೊಂದರ ಹಿಂಬದಿಗೆ ಟಿಪ್ಪಣಿ ಮಾಡಿಕೊಂಡಿದ್ದರು.

"ಕೊನೆಯ ಹತ್ತು ನಿಮಿಷ ನೀವು ಕೇಳಬೇಕಿತ್ತು" ಎಂದರು. "ಜತ್ತ, ಅಕ್ಕಲಕೋಟೆಗಳ ಕನ್ನಡ ಶಾಲೆಗಳ ಬಗ್ಗೆ ಮಾತನಾಡಿದರು. ಅಲ್ಲಿನ ಮಕ್ಕಳಿಗೆ ಕನ್ನಡ ಕಲಿಸುವ ಮೇಷ್ಟ್ರನ್ನು ಮಹಾರಾಷ್ಟ್ರ ಸರಿಯಾಗಿ ಕೊಡದಿದ್ದರೆ ಬೆಳಗಾವಿಯ ಮರಾಠಿ ಶಾಲೆಯ ಬಗ್ಗೆ ನಾವು ಯಾವ ಬಾಯಿಂದ ಮಾತನಾಡಬೇಕು ಎಂದು ಕೇಳಿದರು. ಸಭೆಯಲ್ಲಿ ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ನೀವಿದ್ದಿದ್ದರೆ ನೀವಾದರೂ ತಟ್ಟುತ್ತಿದ್ದಿರಿ ಅನಿಸಿತು."

ಆ ಟಿಪ್ಪಣಿಯ ಕಾಗದವನ್ನು ನನ್ನ ಕೈಗೆ ಕೊಟ್ಟು ಮೆಟ್ಟಿಲು ಹತ್ತಿದರು.